ವಾಲಿದ ತೂತು

ಮೆಖೆಲೆನ್ ಊರಲ್ಲಿ, ಡೈಲೆ ನದಿಗೆ ಬೆನ್ನು ಮಾಡಿ
ಮೂರು ಮೆಟ್ಟಿಲು ತಗ್ಗಿನಲ್ಲಿದೆ ಗೊಡೆಲೀವಳ ಕೊಟ್ಟಡಿ.
ಒಳಗೆ ಹಿತ್ತಾಳೆಯ ವಾಸನೆ, ಬೆವರಿದ ಅಂಗೈಯಲ್ಲಿ
ತುಂಬ ಹೊತ್ತು ಹಿಡಿದ ಚಿಲ್ಲರೆಯ ಹಾಗೆ.
ಎಪ್ಪತ್ತೊಂದರ ಹೆಂಗಸು. ಕೊರಳ ದಾರದಲ್ಲಿ ಭೂತಗನ್ನಡಿ.
ಬಂದವರಿಗೆ ಮೊದಲು ಕೇಳುವ ಮಾತು:
"ಉಜ್ಜಿಕೊಂಡು ಬರಲಿಲ್ಲ ತಾನೆ?"

ಕಪಾಟಿನ ತುಂಬ ಬತ್ತಿಗಂಬಗಳು.
ಎಲ್ಲಕ್ಕಿಂತ ಹಳೆಯದಕ್ಕೆ ಗೂಡಿಲ್ಲ, ಬರಿ ಮುಳ್ಳು.
ಇಗರ್ಜಿಯದು ಜೇನುಮೇಣದ ಬತ್ತಿ, ಗಟ್ಟಿ;
ಬುಡಕ್ಕೆ ಚುಚ್ಚಿದರೆ ತಡೆಯುತ್ತಿತ್ತು.
ಬಡವರ ಕುರಿಕೊಬ್ಬಿನ ಬತ್ತಿ ಮುಳ್ಳು ಕಂಡರೆ ಸೀಳುತ್ತಿತ್ತು.
ಆಮೇಲೆ ಬಂತು ಗೂಡು;
ಗೂಡಿನ ಕೆನ್ನೆಗೊಂದು ಕಿಟಕಿ,
ಚಾಕುವಿನ ತುದಿ ತೂರಿಸಿ ಮೋಟನ್ನು ಎಬ್ಬಲು,
ಅರ್ಧ ಬೆರಳಿನಷ್ಟು ಬೆಳಕೂ ದಂಡವಾಗದಂತೆ.

ತಟ್ಟೆಯ ಕತೆ ಬೇರೆ.
ಮೊದಲು ಬುಡದಲ್ಲಿ ಕೂತಿತ್ತು, ಸೋರಿದ್ದಕ್ಕೆಲ್ಲ ಸೆರಗೊಡ್ಡಿ.
ಆಮೇಲೆ ನಡುವಿಗೇರಿತು, ಅಗಲ ಸೊಂಟಪಟ್ಟಿ.
ಕಡೆಗೆ ಗೂಡಿನ ತುಟಿಗೇ ಹತ್ತಿ ಉಂಗುರವಾಯಿತು.
ನೂರಿನ್ನೂರು ವರ್ಷ ಹಿಡಿಯಿತು
ಒಂದು ತಟ್ಟೆಗೆ ಒಂದು ಗೇಣು ಏರಲು.
"ನಾನೂ ಹಾಗೇ" ಎನ್ನುತ್ತಾಳೆ, ಮೆಟ್ಟಿಲ ಕಡೆ ನೋಡಿ
ಮೊಣಕಾಲು ನೀವಿಕೊಳ್ಳುತ್ತ.

ದಂಟು ಟೊಳ್ಳಾಯಿತು. ಎರಡು ಹೋಳು ಎರೆದು ನಡುವೆ ಬೆಸುಗೆ;
ಬಾಯಿ ಊದಿದರೆ ಕಾಣುತ್ತದೆ ಆ ಗೆರೆ, ಆವಿ ಆರುವಾಗ,
ಬೈತಲೆಯ ಹಾಗೆ.
ಅಡಿಗೆ ಹೂವಿನ ಎಸಳು ಬಂತು, ಎಸಳು ಹೋಗಿ ಚೌಕ ಬಂತು,
ಗ್ರೀಕರ ದೇಗುಲದ ಕಂಬವನ್ನು ಊಟದ ಮೇಜಿಗಿಡುವ ಹುಚ್ಚು ಬಂತು.
ದಂಟಿನೊಳಗೆ ತಳ್ಳುಗೋಲು ಬಂದ ಮೇಲೆ
ಕೆನ್ನೆಯ ಕಿಟಕಿ ಮುಚ್ಚಿತು.

ಆಮೇಲೆ ಬಂದದ್ದು ತಂತಿ.

ಅವಳಪ್ಪ ಒಡಿಲೋನ್. ಇದೇ ಬೆಂಚು, ಇದೇ ವೈಸಿನ ಹಲ್ಲು.
ಯುದ್ಧ ಮುಗಿದು ಮನೆಮನೆಗೆ ಟೇಬಲ್ ಲ್ಯಾಂಪಿನ ಆಸೆ ಹುಟ್ಟಿದಾಗ
ಅತ್ತೆಯರ ಕಂಬ ಹೊತ್ತು ಸೊಸೆಯರು ಸಾಲು ನಿಂತರು.
ಬುಡಕ್ಕೊಂದು ತೂತು, ಗೂಡಿಗೆ ಹೋಲ್ಡರು,
ಮೇಲೊಂದು ಗುಲಾಬಿ ಟೋಪಿ.
ಒಂದಕ್ಕೆ ನಲವತ್ತು ಫ್ರಾಂಕು. ಆ ತೂತಿನ ದುಡ್ಡಿನಲ್ಲೇ
ಇವಳ ಹಾಲು, ಬೂಟು, ಕನ್ಯಾಮಠದ ಶಾಲೆ.

ಈಗ ಅವೇ ಸೊಸೆಯರ ಮೊಮ್ಮಕ್ಕಳು ತಂತಿ ಕಿತ್ತು ತರುತ್ತಾರೆ,
"ಮೊದಲಿನ ಹಾಗೆ ಮಾಡಿಕೊಡಿ."
ಮೂವತ್ತೆಂಟು ವರ್ಷದಿಂದ ಅವಳ ಕಸುಬು
ಅಪ್ಪ ಕೊರೆದದ್ದನ್ನು ಮುಚ್ಚುವುದು.
ಅದೇ ಬಣ್ಣದ ಹಳೆ ಹಿತ್ತಾಳೆ ಹುಡುಕಿ,
ಬೆಣೆ ಕಡೆದು, ಕೂರಿಸಿ, ಅರ ತಾಗಿಸಿ,
ಉಪ್ಪುನೀರು, ಹೊಗೆ, ಹೆಬ್ಬೆರಳು.
ಕೆಲಸ ಮುಗಿದಾಗ ಕೆಲಸ ಕಾಣಬಾರದು.

ಹೋದ ವರ್ಷ ಎರಡೇ ಬಂದವು. ಈ ವರ್ಷ ಒಂದೂ ಇಲ್ಲ,
ಮೊನ್ನೆ ಗುರುವಾರದವರೆಗೆ.
ಯೋರಿಸ್ ಎಂಬ ಹುಡುಗ, ತಾಯಿಯ ಮನೆ ಖಾಲಿ ಮಾಡುತ್ತಿರುವವ,
ದಿನಪತ್ರಿಕೆ ಸುತ್ತಿ ತಂದ ಕಂಬ.
ಒಂಟಿ; ಜೋಡಿ ಅಕ್ಕನ ಪಾಲಿಗೆ.
ಬೋರಲು ಹಾಕಿದಳು. ತೂತು ಎಡಕ್ಕೆ ವಾಲಿತ್ತು,
ಕೂದಲೆಳೆಯಷ್ಟು.

ಒಡಿಲೋನನ ಬಲ ಹೆಬ್ಬೆರಳು ಒಂದು ಗಿಣ್ಣು ಮೋಟು,
ಲೇತ್ ಕಚ್ಚಿದ್ದು, ಇವಳು ಹುಟ್ಟುವ ಮೊದಲೇ.
ಡ್ರಿಲ್ಲಿನ ಹಿಡಿ ಅಷ್ಟೇ ಅಷ್ಟು ಜಾರುತ್ತಿತ್ತು.
ಎಷ್ಟು ನೂರು ಮುಚ್ಚಿದ್ದಳೋ ಇಂಥವು;
ಪ್ರತಿಸಲವೂ ಮೊದಲು ಕಿರುಬೆರಳು ತೂರಿಸಿ ನೋಡುತ್ತಿದ್ದಳು.
ಯಾಕೆಂದು ಯಾರೂ ಕೇಳಿರಲಿಲ್ಲ.

"ಇದನ್ನ ಮುಚ್ಚೋದಿಲ್ಲ" ಅಂದಳು.
"ದುಡ್ಡು ಕೊಡ್ತೀನಲ್ಲ?"
"ಬತ್ತಿ ನಿಲ್ಲುತ್ತೆ. ಬೀಳೋದಿಲ್ಲ. ಹೋಗು."

ಹುಡುಗ ಗೊಣಗಿದ. ಬೇರೆ ಅಂಗಡಿ ಹುಡುಕುತ್ತೇನೆಂದ; ಹುಡುಕಲೂಬಹುದು.
ದೀಪದ ಬುಡದಲ್ಲೇ ಕತ್ತಲೆ ಎಂಬ ನಮ್ಮ ಗಾದೆ
ಅವಳಿಗೆ ಗೊತ್ತಿರಲಿಕ್ಕಿಲ್ಲ.
ಪತ್ರಿಕೆಯಲ್ಲಿ ಸುತ್ತುವ ಮುನ್ನ ಕಂಬವನ್ನೆತ್ತಿ
ದುರ್ಬೀನಿನ ಹಾಗೆ ಬುಡಕ್ಕೆ ಕಣ್ಣಿಟ್ಟಳು.
ಗೂಡಿನ ಆಚೆ ತುದಿಯಲ್ಲಿ, ನಾಣ್ಯದಗಲ,
ಬೀದಿ; ಮೂರು ಗಂಟೆಯ ಬಿಸಿಲು;
ಯಾರದೋ ಸೈಕಲ್ಲಿನ ಅರ್ಧ ಚಕ್ರ,
ಕೊಂಚ ಎಡಕ್ಕೆ.